ಯುದ್ಧ ಬರುವ ಮೊದಲೇ ವಂಶವೃಕ್ಷ ಸರಿಮಾಡಿ: ಸೈನಿಕರ ಊರುಗಳ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಿಡಿಒಗಳು ಮತ್ತು ಗ್ರಾಮ ಆಡಳಿತ ಅಧಿಕಾರಿಗಳಿಗೆ,

ಮಾನ್ಯರೇ,

ಊರಿನ ಯೋಧನ ಪಾರ್ಥಿವ ಶರೀರ ಬರುತ್ತಿದೆ ಎಂದು ಗೊತ್ತಾದ ಎರಡೇ ಗಂಟೆಯಲ್ಲಿ ನಿಮ್ಮ ಊರುಗಳಲ್ಲಿ ಫ್ಲೆಕ್ಸ್ ಎದ್ದಿರುತ್ತದೆ. ಬಸ್ ನಿಲ್ದಾಣದಿಂದ ಹೊಲದ ತನಕ ರಸ್ತೆ ಗುಡಿಸಿ ನೀರು ಹೊಡೆದಿರುತ್ತಾರೆ. ಶಾಲೆಯ ಮಕ್ಕಳು ಬಾವುಟ ಹಿಡಿದು ಸಾಲಾಗಿ ನಿಂತಿರುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸಿದ ಮೇಲೆ ಪೆಟ್ಟಿಗೆಯ ಮೇಲಿನ ಧ್ವಜವನ್ನು ಮಡಿಸಿ ಒಬ್ಬರ ಕೈಗೆ ಕೊಡಬೇಕು. ಒಂದು ಬದಿಗೆ ತಾಯಿ ಕೂತಿರುತ್ತಾಳೆ, ಇನ್ನೊಂದು ಬದಿಗೆ ಹೆಂಡತಿ. ಯಾರ ಕೈಗೆ ಎಂಬುದನ್ನು ಆ ಹೊಲದಲ್ಲಿ ಯಾರೂ ತೀರ್ಮಾನಿಸುವುದಿಲ್ಲ. ಅವನ ಸೇವಾ ದಾಖಲೆಯಲ್ಲಿ 'ನೆಕ್ಸ್ಟ್ ಆಫ್ ಕಿನ್' ಎಂಬ ಕಡೆ ಯಾರ ಹೆಸರಿದೆಯೋ ಅವರೇ ಸೈನ್ಯಕ್ಕೆ ಅವನ ಮನೆಯವರು.

ಆ ಹೆಸರಿಗೆ ಆಧಾರವಾಗುವ ಮದುವೆ ನೋಂದಣಿ, ಜನನ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಹುಟ್ಟುವುದು ನಿಮ್ಮ ಊರಿನಲ್ಲಿ, ನಿಮ್ಮ ನಾಡಕಚೇರಿಯಲ್ಲಿ, ನಿಮ್ಮ ರುಜುವಿನ ಅಡಿಯಲ್ಲಿ. ಅದಕ್ಕೇ ಈ ಪತ್ರವನ್ನು ದೆಹಲಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇವೆ. ಸೈನಿಕ ಕುಟುಂಬಗಳ ಪೆನ್ಷನ್ ಕಾಗದ ನೋಡುವುದೇ ನಮ್ಮ ಕೆಲಸ. ಶಾಂತಿಯ ದಿನಗಳಲ್ಲಿ ಸಾವು ಒಂದೊಂದಾಗಿ ಬರುತ್ತದೆ. ತಪ್ಪಿದ ಕಾಗದವನ್ನು ಓಡಾಡಿ ಸರಿಪಡಿಸಬಹುದು. 1999ರ ಕಾರ್ಗಿಲ್ ಯುದ್ಧದಲ್ಲಿ ಸತ್ತ ಭಾರತೀಯ ಯೋಧರು 527. ಮೇ ತಿಂಗಳಿಂದ ಜುಲೈ ಕೊನೆಯೊಳಗೆ ಅಷ್ಟು ಮನೆಗಳ ಕಡತ ಒಟ್ಟಿಗೆ ತೆರೆಯಬೇಕಾಯಿತು. ಅದೂ ಒಂದು ಗಡಿಭಾಗಕ್ಕೆ ಸೀಮಿತವಾದ ಯುದ್ಧ. ಅದಕ್ಕಿಂತ ದೊಡ್ಡದು ಬಂದರೆ ತಾಲ್ಲೂಕಿನಲ್ಲಿ ಒಬ್ಬೊಬ್ಬ ವಿಧವೆಯ ಹಿಂದೆ ಓಡಾಡಲು ಜನ ಎಲ್ಲಿಂದ ಬರುತ್ತಾರೆ?

ಯುದ್ಧ ಮನೆಯೊಳಗಿನ ಯಜಮಾನಿಕೆಯನ್ನೇ ಬದಲಿಸುತ್ತದೆ. ಇದು ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಸುಮಾರು 74,000 ಭಾರತೀಯ ಸೈನಿಕರು ಸತ್ತರು. ಎರಡನೆಯದಕ್ಕೆ ಸೇರಿದವರೇ 25 ಲಕ್ಷ ಜನ. ದಂಡಿಗೆ ಹೋದವನು ಸಂಬಳದ ಒಂದು ಪಾಲನ್ನು ಮನೆಗೆ ಬರೆದುಕೊಡಬಹುದಿತ್ತು. ಆ ಹಣ ಅಂಚೆಯ ಮೂಲಕ ಅವನು ಹೆಸರಿಸಿದವರ ಕೈಗೆ ಬರುತ್ತಿತ್ತು. ಕೂಡುಕುಟುಂಬದಲ್ಲಿ ಆ ಹೆಸರು ಹೆಚ್ಚಾಗಿ ತಂದೆಯದೋ ಅಣ್ಣನದೋ ಆಗಿರುತ್ತಿತ್ತು. ಪಂಜಾಬ್–ಹರಿಯಾಣದ ಕಡೆ ವಿಧವೆಯನ್ನು ಮೈದುನನಿಗೇ ಕೊಟ್ಟು ಜಮೀನು ಮನೆಯಲ್ಲೇ ಉಳಿಸಿಕೊಳ್ಳುವ 'ಕರೇವಾ' ಪದ್ಧತಿ ಇತ್ತು. ಸೈನ್ಯದ ನಿಯಮಕ್ಕೂ ಅದರ ಛಾಯೆ ಹತ್ತಿತು: ಮರುಮದುವೆಯಾದರೆ ಹಣ ನಿಲ್ಲುತ್ತದೆ, ಸತ್ತವನ ಸಹೋದರನನ್ನೇ ಮದುವೆಯಾದರೆ ಮಾತ್ರ ನಿಲ್ಲುವುದಿಲ್ಲ. ಶೌರ್ಯ ಪದಕದ ಮಾಸಿಕ ಭತ್ಯೆಗೆ ಅಂಟಿಕೊಂಡಿದ್ದ ಈ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಈಗ ಆಕೆ ಯಾರನ್ನು ಮದುವೆಯಾದರೂ ಆ ಭತ್ಯೆ ಆಕೆಯ ಕೊನೆಯ ತನಕ ಬರುತ್ತದೆ. ಹಳ್ಳಿಯಲ್ಲಿ ಇನ್ನೂ ಹಳೆಯ ಮಾತೇ ಓಡುತ್ತಿದೆ. "ಮೈದುನನ್ನೇ ಮಾಡ್ಕೊಂಡ್ರ ಪೆನ್ಷನ್ ಉಳಿತೈತಿ, ಹೊರಗ ಕೊಟ್ರ ಹೋಕ್ಕೈತಿ" ಎಂದು ಹಿರಿಯರು ಕೂತು ಇಪ್ಪತ್ಮೂರು ವರ್ಷದ ಹುಡುಗಿಯ ಬದುಕು ತೀರ್ಮಾನ ಮಾಡುವಾಗ, ಆ ಹಿರಿಯರ ನಡುವೆ ಪಂಚಾಯಿತಿ ಸದಸ್ಯರೊಬ್ಬರು ಇದ್ದೇ ಇರುತ್ತಾರೆ. ನಿಯಮ ಏನು ಎಂದು ನಿಮಗಾದರೂ ಗೊತ್ತಿರಲಿ.

ಮೊದಲು ಮೂರು ಪೆನ್ಷನ್‌ಗಳ ಲೆಕ್ಕ. ಮೂಲ ವೇತನ 28,400, ಮಿಲಿಟರಿ ಸರ್ವಿಸ್ ಪೇ 5,200 ಪಡೆಯುತ್ತಿದ್ದ ಜವಾನನನ್ನು ಇಟ್ಟುಕೊಳ್ಳಿ. ಎರಡೂ ಸೇರಿ 33,600 ರೂಪಾಯಿ. ಇದು 7ನೇ ವೇತನ ಆಯೋಗದ ದರ. ಮುಂದೆ ಹೇಳುವ ಮೊತ್ತಗಳ ಮೇಲೆ ತುಟ್ಟಿಭತ್ಯೆ ಬೇರೆ. ಸೇವೆಯಲ್ಲಿದ್ದಾಗಲೇ ಸತ್ತರೂ ಸಾವಿಗೆ ಸೇವೆ ಕಾರಣವಲ್ಲ ಎಂದು ಬರೆದರೆ ಆರ್ಡಿನರಿ ಫ್ಯಾಮಿಲಿ ಪೆನ್ಷನ್: ಮೊದಲ ಹತ್ತು ವರ್ಷ ಶೇ. 50, ಅಂದರೆ 16,800, ಆಮೇಲೆ ಶೇ. 30ಕ್ಕೆ ಇಳಿದು 10,080. ಸೇವೆಯಿಂದಲೇ ಸಾವು ಬಂತು ಅಥವಾ ಸೇವೆಯಿಂದ ಕಾಯಿಲೆ ಉಲ್ಬಣಿಸಿತು ಎಂದಾದರೆ ಸ್ಪೆಷಲ್: ಶೇ. 60, ಅಂದರೆ 20,160. ಯುದ್ಧ, ಶತ್ರು ದಾಳಿ, ಉಗ್ರರ ವಿರುದ್ಧದ ಕಾರ್ಯಾಚರಣೆ ಇಂಥವಾದರೆ ಲಿಬರಲೈಸ್ಡ್: ಪೂರ್ತಿ 33,600. ಒಮ್ಮೆಗೇ ಕೊಡುವ ಎಕ್ಸ್‌ಗ್ರೇಷಿಯಾ (ಪರಿಹಾರ ಧನ) ಕೂಡ ಸಾವು ಬಂದ ಸಂದರ್ಭ ನೋಡಿ 25 ಲಕ್ಷ, 35 ಲಕ್ಷ, 45 ಲಕ್ಷ ಎಂದು ಬದಲಾಗುತ್ತದೆ. ಕೊನೆಯದು ಯುದ್ಧದಲ್ಲಿ ಶತ್ರುವಿನಿಂದ ಬಂದ ಸಾವಿಗೆ.

ಸಾವು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ಯೂನಿಟ್ಟಿನ ವರದಿ ಮತ್ತು ಸೈನ್ಯದೊಳಗಿನ ವಿಚಾರಣೆಯಾದ ಕೋರ್ಟ್ ಆಫ್ ಎನ್‌ಕ್ವೈರಿಯ ಮೇಲೆ ನಿಂತಿದೆ. ಅದರಲ್ಲಿ ನಿಮ್ಮ ಕೈ ಇಲ್ಲ. ಆದರೆ ಮನೆಯವರಿಗೆ ಒಂದು ಮಾತು ಹೇಳಬಹುದು: ಬಂದ ಮೊದಲ ಆದೇಶವೇ ಕೊನೆಯದಲ್ಲ. ಎತ್ತರದ ಠಾಣೆಯಲ್ಲಿ ಎದೆನೋವಿನಿಂದ ಸತ್ತವನಿಗೆ 'ಸೇವೆ ಕಾರಣವಲ್ಲ' ಎಂದು ಬರೆದಿದ್ದರೆ ಇಲಾಖೆಯೊಳಗೇ ಮೇಲ್ಮನವಿ ಇದೆ, ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಆ ಆದೇಶದ ಪ್ರತಿಯನ್ನು ದೇವರ ಕೋಣೆಯ ಡಬ್ಬಿಯಲ್ಲಿ ಮಡಿಸಿಟ್ಟು ಕೂತರೆ ಮೇಲ್ಮನವಿಯ ಅವಧಿ ಕಳೆದುಹೋಗುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ಸತ್ತ ಹತ್ತು ಮಂದಿಯಲ್ಲಿ ಮೂವರು ನಮ್ಮ ಧಾರವಾಡ, ಹಾಸನ, ಮೈಸೂರು ಜಿಲ್ಲೆಯವರು. ಗುಂಡಿಗಿಂತ ಹಿಮವೇ ಹೆಚ್ಚು ಜನರನ್ನು ಕೊಂದ ಜಾಗ ಅದು.

ಈಗ ನಿಮ್ಮ ಪಾಲಿನ ಕೆಲಸಕ್ಕೆ ಬರೋಣ.

ಹುಡುಗ ನಲವತ್ತು ದಿನದ ರಜೆಗೆ ಬರುತ್ತಾನೆ, ಮದುವೆಯಾಗುತ್ತಾನೆ, ಅರಿಶಿನ ಆರುವ ಮೊದಲೇ ವಾಪಸ್ ಹೋಗುತ್ತಾನೆ. ಮದುವೆ ನೋಂದಣಿ 'ಮುಂದಿನ ರಜೆಗೆ' ಎಂದು ಉಳಿಯುತ್ತದೆ. ಆ ಪ್ರಮಾಣಪತ್ರ ಯೂನಿಟ್ಟಿಗೆ ಹೋಗಬೇಕು, ಅಲ್ಲಿ ಮದುವೆಯನ್ನು ಸೇವಾ ದಾಖಲೆಗೆ ಸೇರಿಸುವ 'ಪಾರ್ಟ್ ಟು ಆರ್ಡರ್' ಹೊರಡಬೇಕು, ಅದು ರೆಕಾರ್ಡ್ ಆಫೀಸಿಗೆ ಮುಟ್ಟಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿ. ಅಷ್ಟೂ ಆಗುವ ತನಕ ಸೈನ್ಯದ ಪುಸ್ತಕದಲ್ಲಿ ಅವನು ಬ್ರಹ್ಮಚಾರಿ, ಅವನ ವಾರಸುದಾರ ಅಪ್ಪ. ಆ ನಡುವೆ ಸಾವು ಬಂದರೆ, ಊರೆಲ್ಲ ಉಂಡು ಹರಸಿದ ಮದುವೆಯನ್ನು ಸೊಸೆ ಕಚೇರಿಯಲ್ಲಿ ಸಾಬೀತು ಮಾಡುತ್ತ ನಿಲ್ಲಬೇಕು. ಲಗ್ನಪತ್ರಿಕೆ, ಫೋಟೊ, ಪುರೋಹಿತರ ಹೇಳಿಕೆ, ಮಾವನ ಒಪ್ಪಿಗೆ. ಮಾವ ಒಪ್ಪಿದರೆ ಸರಿ.

ಉತ್ತರ ಕರ್ನಾಟಕದ ಉಡಿಕೆ ಮದುವೆಗಳ, ಅಂದರೆ ವಿಧವೆಯೋ ಗಂಡನನ್ನು ಬಿಟ್ಟವಳೋ ಮತ್ತೆ ಆಗುವ ಮದುವೆಗಳ, ಪಾಡು ಇನ್ನೂ ಕಷ್ಟ. ಅಲ್ಲಿ ಲಗ್ನಪತ್ರಿಕೆ ಇರುವುದಿಲ್ಲ, ಮಂಟಪ ಇರುವುದಿಲ್ಲ, ರಾತ್ರಿ ಹೊತ್ತು ನಾಲ್ಕು ಜನ ಹಿರಿಯರ ಮುಂದೆ ಸೀರೆ ಉಡಿಸಿ ಮುಗಿಸಿರುತ್ತಾರೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ ಗಂಡು ಹೆಣ್ಣು ಯಾರಾದರೂ ಒಂದು ಕಡೆಯ ರೂಢಿಯಂತೆ ನಡೆದ ಮದುವೆ ಮದುವೆಯೇ. ಆದರೆ ಹುಡುಗಿಯ ಮೊದಲ ಗಂಡ ಬದುಕಿದ್ದು ಬಿಡುಗಡೆ ಬರೀ ಬಾಯಿಮಾತಿನಲ್ಲಿ ಆಗಿದ್ದರೆ ಪೆನ್ಷನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸೈನಿಕನಿಗೇ ಮೊದಲ ಹೆಂಡತಿ ಇದ್ದರೆ ಎರಡನೆಯವಳಿಗೆ ಪೆನ್ಷನ್ ಇಲ್ಲ. ಅವಳ ಮಕ್ಕಳಿಗೆ ಮಾತ್ರ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಹೆಸರಿನ ವಿಷಯಕ್ಕೆ ಬನ್ನಿ, ನಮ್ಮ ಅರ್ಧ ಆಯುಷ್ಯ ಕಳೆಯುವುದು ಇಲ್ಲಿ. ಶಾಲೆಯಲ್ಲಿ ರೇಣುಕಾ, ಆಧಾರ್‌ನಲ್ಲಿ ರೇಣವ್ವ, ಗಂಡನ ಮನೆಯವರು ಮದುವೆಯಲ್ಲಿ ಇಟ್ಟ ಹೆಸರು ಲಕ್ಷ್ಮೀಬಾಯಿ. ಕನ್ನಡದಲ್ಲಿ ಹನಮಂತ ಎಂದು ಒಂದೇ ಬಗೆ ಬರೆದರೂ ಇಂಗ್ಲಿಷಿನಲ್ಲಿ ನಾಲ್ಕು ಬಗೆ. ಹುಟ್ಟಿದ ದಿನ ಕೇಳಿದರೆ ಅರ್ಧ ಊರಿಗೆ ಜೂನ್ 1, ಮೇಷ್ಟ್ರು ಬರೆಸಿದ್ದು. ಈಗ ಸೈನಿಕರ ಪೆನ್ಷನ್ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಅದರ ಬೇರು ಪ್ರಯಾಗ್‌ರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯಲ್ಲಿದೆ. ಅಲ್ಲಿನ ಗುಮಾಸ್ತರಿಗೆ 'ಅವ್ವ' ಎಂಬುದು ನಾವು ಹೆಸರಿಗೆ ಸೇರಿಸುವ ಬಾಲ ಎಂದು ಗೊತ್ತಾಗುವುದು ಹೇಗೆ? ಸೇವಾ ದಾಖಲೆ, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಸೈನಿಕ ಬದುಕಿರುವಾಗ ಇದನ್ನು ತಿದ್ದಿಸುವುದು ಅವನ ಒಂದು ಅರ್ಜಿಯ ಕೆಲಸ. ಸತ್ತ ಮೇಲೆ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಮತ್ತೆ ಮತ್ತೆ ವಾಪಸ್ ಬರುವ ಕಡತ.

ಗಂಡ ಸತ್ತಾಗ ಹೆಂಡತಿ ಬಸುರಿಯಾಗಿರುವುದು ಯುದ್ಧದ ಕಾಲದಲ್ಲಿ ಅಪರೂಪವೇನಲ್ಲ; ಸಾಯುವವರು ಹೆಚ್ಚಾಗಿ ಎಳೆಯ ವಯಸ್ಸಿನವರು. ಆಮೇಲೆ ಹುಟ್ಟಿದ ಮಗುವಿಗೂ ಪೆನ್ಷನ್ ಹಕ್ಕಿದೆ. ಹೆರಿಗೆ ತವರಲ್ಲಿ ಆಗಿರುತ್ತದೆ. ಅಲ್ಲಿ ಜನನ ಬರೆಯುವವರು ತಂದೆಯ ಹೆಸರನ್ನು ಪೂರ್ತಿಯಾಗಿ, ಸೇವಾ ದಾಖಲೆಯಲ್ಲಿ ಇರುವಂತೆಯೇ ಬರೆಯಲಿ. 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ, ತಕರಾರಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು.

ಇನ್ನು ಜಗಳದ ಮೂಲ: ತಂದೆತಾಯಿ. ಕುಟುಂಬ ಪೆನ್ಷನ್ ಮೊದಲು ಹೆಂಡತಿಗೆ, ಅವಳಿಲ್ಲದಿದ್ದರೆ ಮಕ್ಕಳಿಗೆ. ಹೆಂಡತಿಯೂ ಮಕ್ಕಳೂ ಇಲ್ಲದವನ ತಂದೆತಾಯಿಗೆ ಮಾತ್ರ ಲಿಬರಲೈಸ್ಡ್ ದರದ ಶೇ. 75; ಒಬ್ಬರೇ ಉಳಿದಿದ್ದರೆ ಶೇ. 60. ಮಗನನ್ನು ಸಾಕಿ ದಂಡಿಗೆ ಕಳಿಸಿದ ಮುದುಕಿಗೆ, ಮನೆಗೆ ಬಂದು ಎಂಟು ತಿಂಗಳಾದ ಸೊಸೆಗೆ ಎಲ್ಲ ಹೋಗುವುದು ಅನ್ಯಾಯವಾಗಿ ಕಾಣುವುದು ಸಹಜ. ನಮ್ಮ ಅಭಿಪ್ರಾಯ ಕೇಳಿದರೆ ಆ ಮುದುಕಿಯ ಮಾತಿನಲ್ಲಿ ನಿಜವಿದೆ. ಆದರೆ ಪೆನ್ಷನ್ ಆಸ್ತಿಯಲ್ಲ, ಉಯಿಲು ಬರೆದು ಅದನ್ನು ಯಾರಿಗೂ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಅದನ್ನು ಹಂಚಿಸುತ್ತೇವೆ ಎಂದು ಪಂಚಾಯಿತಿ ಕಟ್ಟೆಯಲ್ಲಿ ಸೊಸೆಯಿಂದ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಬೇಡಿ. ಆ ಕಾಗದವನ್ನು ಪೆನ್ಷನ್ ಕಚೇರಿ ಮೂಸಿಯೂ ನೋಡುವುದಿಲ್ಲ.

ತಾಯಿಯನ್ನು ಕಾಪಾಡುವ ದಾರಿ ಬೇರೆಡೆ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನ ಆಸ್ತಿಗೆ ಹೆಂಡತಿ, ಮಕ್ಕಳು, ತಾಯಿ ಮೊದಲ ದರ್ಜೆಯ ವಾರಸುದಾರರು, ಸಮಪಾಲು. ತಂದೆ ಎರಡನೇ ದರ್ಜೆಯವನು. (ಇದನ್ನು ಕೇಳಿದ ಮಾವಂದಿರ ಮುಖ ನೋಡಬೇಕು.) ಗುಂಪು ವಿಮೆಯ ನಾಮನಿರ್ದೇಶನದಲ್ಲಿ ಹೆಂಡತಿಗಿಷ್ಟು, ತಾಯಿಗಿಷ್ಟು ಎಂದು ಶೇಕಡಾ ಲೆಕ್ಕದಲ್ಲಿ ಹಂಚಲು ಸೈನಿಕನಿಗೆ ಅವಕಾಶವಿದೆ. ಮದುವೆಗೆ ಮೊದಲು ಅಪ್ಪನ ಹೆಸರಿಗೆ ನೂರಕ್ಕೆ ನೂರು ಬರೆದವನು ಮದುವೆಯಾದ ಮೇಲೆ ತಿದ್ದುವುದನ್ನು ಮರೆಯುತ್ತಾನೆ, ಇಲ್ಲವೇ ತಿದ್ದುವಾಗ ತಾಯಿಯನ್ನು ಪೂರ್ತಿ ಬಿಟ್ಟುಬಿಡುತ್ತಾನೆ. ಎರಡೂ ಮನೆ ಒಡೆಯುತ್ತವೆ. ಬ್ಯಾಂಕಿನ ಖಾತೆಗೆ ನಾಮಿನಿ ಎಂದಿರುವವರು ಹಣ ಪಡೆಯುವವರು ಅಷ್ಟೇ, ಒಡೆಯರಲ್ಲ. ವಾರಸುದಾರರ ಪಾಲು ಹಾಗೇ ಇರುತ್ತದೆ.

ಸತ್ತವನ ಜಮೀನನ್ನು ವಾರಸುದಾರರ ಹೆಸರಿಗೆ ಬರೆಯುವ ಪೌತಿ ಖಾತೆ ಮಾಡುವಾಗ ನೆನಪಿಡಿ: ಸೊಸೆ ತವರಿಗೆ ಹೋಗಿ ಕೂತಿದ್ದಾಳೆ ಎಂದು ವಂಶವೃಕ್ಷದಿಂದ ಅವಳ ಹೆಸರು ಬಿಡುವಂತಿಲ್ಲ. ಗಂಡನಿಂದ ಬಂದ ಪಾಲು ಅವಳು ಮರುಮದುವೆಯಾದರೂ ಅವಳದೇ. ಮಹಜರಿಗೆ ಹೋದಾಗ ಮಾವನ ಜಗುಲಿಯಲ್ಲಿ ಚಹಾ ಕುಡಿದು, ಅವರು ಹೇಳಿದಷ್ಟನ್ನೇ ಬರೆದುಕೊಂಡು ಬಂದ ವಂಶವೃಕ್ಷಗಳೇ ಮುಂದೆ ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತವೆ.

ಮರುಮದುವೆಯ ನಿಯಮ ಹೀಗಿದೆ. ಲಿಬರಲೈಸ್ಡ್ ಪಡೆಯುವವಳು ಮರುಮದುವೆಯಾದ ಮೇಲೂ ಮೊದಲ ಗಂಡನ ಮಕ್ಕಳನ್ನು ಸಾಕುತ್ತಿದ್ದರೆ ಪೂರ್ತಿ ಪೆನ್ಷನ್ ಮುಂದುವರಿಯುತ್ತದೆ. ಸಾಕದಿದ್ದರೆ ಅವಳ ಪಾಲು ಆರ್ಡಿನರಿ ದರಕ್ಕೆ ಇಳಿಯುತ್ತದೆ, ಮಕ್ಕಳಿಗೆ ಬೇರೆ ಪಾಲು ಹೋಗುತ್ತದೆ. ಆರ್ಡಿನರಿ ಪೆನ್ಷನ್ ಮರುಮದುವೆಗೆ ನಿಲ್ಲುತ್ತದೆ. ಮಕ್ಕಳಿಲ್ಲದ, ಸ್ವಂತ ವರಮಾನ ಕನಿಷ್ಠ ಪೆನ್ಷನ್‌ಗಿಂತ ಕಡಿಮೆ ಇರುವ ವಿಧವೆಗೆ ಮಾತ್ರ ವಿನಾಯಿತಿ. ಇದು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಮದುವೆಯನ್ನು ಮುಚ್ಚಿಟ್ಟು ಬದುಕುತ್ತಾರೆ. ಯಾರೋ ಆಗದವರು ಒಂದು ಅರ್ಜಿ ಬರೆಯುತ್ತಾರೆ. ಪೆನ್ಷನ್ ನಿಂತು ಹಿಂದಿನ ಹಣ ವಸೂಲಿಗೆ ಬರುತ್ತದೆ. ನಿಯಮದಲ್ಲೇ ದಾರಿ ಇದ್ದವಳಿಗೂ ಹೀಗಾಗುತ್ತದೆ ಎಂಬುದು ಹೊಟ್ಟೆ ಉರಿಸುವ ಸಂಗತಿ.

ಶವವೇ ಬಾರದ ಮನೆಗಳಿವೆ. 1971ರ ಯುದ್ಧದಲ್ಲಿ ಕಾಣೆಯಾದ 54 ಸೈನಿಕರು ಪಾಕಿಸ್ತಾನದ ವಶದಲ್ಲಿದ್ದಾರೆ ಎಂಬ ನಂಬಿಕೆಯಲ್ಲೇ ಅವರ ಮನೆಯವರು ಮುದುಕರಾದರು. ಪಾಕಿಸ್ತಾನ ಇಂದಿಗೂ ಒಪ್ಪಿಲ್ಲ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟು 102 ಜನರೊಂದಿಗೆ ರೋಹ್ತಾಂಗ್ ಬಳಿ ಕಾಣೆಯಾದ ಎಎನ್-12 ವಿಮಾನದ ನಾಲ್ವರ ಶವ ಸಿಕ್ಕಿದ್ದು 2024ರಲ್ಲಿ, 56 ವರ್ಷದ ಮೇಲೆ. ಇಂಥ ಮನೆಯ ಹೆಂಡತಿ ಕುಂಕುಮ ಇಡಬೇಕೋ ಬೇಡವೋ ಎಂಬುದನ್ನು ಊರು ತನಗೆ ತೋಚಿದಂತೆ ಹೇಳುತ್ತದೆ, ಕಾನೂನು ಏಳು ವರ್ಷ ಕಾಯಲು ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಅದು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111. ಆದರೆ ಪೆನ್ಷನ್‌ಗೆ ಏಳು ವರ್ಷ ಕಾಯಬೇಕಿಲ್ಲ. ಕಾಣೆಯಾದ ವರದಿ ದಾಖಲಾಗಿ ಆರು ತಿಂಗಳಾದರೆ, ಅವನು ಮರಳಿ ಬಂದರೆ ಹಣ ಹಿಂದಿರುಗಿಸುತ್ತೇನೆ ಎಂಬ ಮುಚ್ಚಳಿಕೆ ಬರೆದುಕೊಟ್ಟು ಅರ್ಜಿ ಹಾಕಬಹುದು. 'ಮರಳಿ ಬಂದರೆ' ಎಂಬ ಆ ಸಾಲಿಗೆ ಸಹಿ ಹಾಕುವುದು ಕೆಲವು ತಾಯಂದಿರಿಗೆ ಸಮಾಧಾನ, ಕೆಲವರಿಗೆ ನರಕ. ಪಕ್ಕದಲ್ಲಿ ನಿಂತು ಓದಿ ಹೇಳುವವರು ಬೇಕು.

ಅಗ್ನಿವೀರರ ಮನೆಗಳಿಗೆ ಈ ಲೆಕ್ಕ ಬೇರೆ. 2022ರಿಂದ ನಾಲ್ಕು ವರ್ಷಕ್ಕೆ ಸೇರುತ್ತಿರುವ ಈ ಹುಡುಗರಿಗೆ ಕುಟುಂಬ ಪೆನ್ಷನ್ ಇಲ್ಲ. 48 ಲಕ್ಷದ ವಿಮೆ ಇದೆ, ಕರ್ತವ್ಯದಿಂದ ಬಂದ ಸಾವಾದರೆ 44 ಲಕ್ಷ ಎಕ್ಸ್‌ಗ್ರೇಷಿಯಾ ಮತ್ತು ಉಳಿದ ಅವಧಿಯ ಸಂಬಳ ಇದೆ. ಮದುವೆಯಾಗದವರನ್ನೇ ತೆಗೆದುಕೊಳ್ಳುವುದರಿಂದ ಹಣ ಬರುವುದು ತಂದೆತಾಯಿಗೆ, ಅದೂ ಒಂದೇ ಗಂಟಾಗಿ.

ಒಂದೇ ಗಂಟಾಗಿ ಬರುವ ಹಣವೇ ಮುಂದಿನ ಅಪಾಯ. ಐದು ಲಕ್ಷ ಒಟ್ಟಿಗೆ ಕಂಡಿರದ ಮನೆಗೆ ಅರವತ್ತು ಲಕ್ಷ ಬಂದರೆ, ಹದಿಮೂರನೇ ದಿನದ ಊಟ ಮುಗಿಯುವ ಮೊದಲೇ ಸೈಟು ಮಾರುವವನು, ವಿಮೆ ಏಜೆಂಟ್, ಬಡ್ಡಿ ಕೊಡುತ್ತೇನೆ ಎನ್ನುವ ಬಂಧು ಜಗುಲಿಗೆ ಬಂದಿರುತ್ತಾರೆ. ಕಣ್ಣಿಗೆ ಬೀಳದ ಕಳ್ಳದಾರಿ ಇನ್ನೊಂದಿದೆ. ಆಕೆಗೆ ಸ್ವಂತ ಫೋನ್ ಇರುವುದಿಲ್ಲ. ಬ್ಯಾಂಕ್ ಖಾತೆಗೂ ಸ್ಪರ್ಶ್‌ಗೂ ಆಧಾರ್‌ಗೂ ಜೋಡಿಸಿದ ನಂಬರ್ ಮೈದುನನದು. ಒಟಿಪಿ ಅವನ ಕಿಸೆಯಲ್ಲಿ ಗುಣುಗುಣಿಸುತ್ತದೆ, ಹಣ ಆಕೆಯ ಖಾತೆಯಿಂದ ಹೋಗುತ್ತದೆ. ಅವನು ಕೆಟ್ಟವನೇ ಆಗಿರಬೇಕೆಂದಿಲ್ಲ. ಮೊದಲ ಸಲ ಗೊಬ್ಬರಕ್ಕೆ ತೆಗೆಯುತ್ತಾನೆ, ಎರಡನೇ ಸಲ ತಂಗಿಯ ಮದುವೆಗೆ. ಆಕೆ ತವರಿಗೆ ಹೋದ ದಿನದಿಂದ ವರ್ಷಕ್ಕೊಮ್ಮೆಯ ಜೀವಂತ ಪ್ರಮಾಣಪತ್ರದ ಸಂದೇಶವೂ ಅವನಿಗೇ ಬರುತ್ತದೆ, ಆಕೆಗೆ ಗೊತ್ತಾಗುವುದಿಲ್ಲ, ಪೆನ್ಷನ್ ನಿಲ್ಲುತ್ತದೆ. ಮೊದಲ ವಾರದಲ್ಲೇ ಆಕೆಯ ಹೆಸರಲ್ಲಿ ಒಂದು ಸಿಮ್ ಕೊಡಿಸಿ, ಮೂರೂ ಕಡೆ ನಂಬರ್ ಬದಲಿಸಿ. ಫ್ಲೆಕ್ಸಿಗೆ ಆದ ಖರ್ಚಿನ ಹತ್ತರಲ್ಲಿ ಒಂದು ಪಾಲೂ ಆಗದು. ಮೊದಲ ಒಂದು ವರ್ಷ ಜಿಪಿಎಗೆ (ತನ್ನ ಪರವಾಗಿ ವ್ಯವಹರಿಸಲು ಬರೆದುಕೊಡುವ ಅಧಿಕಾರ ಪತ್ರ), ಜಂಟಿ ಖಾತೆಗೆ, ಜಾಮೀನಿಗೆ ಆಕೆಯಾಗಲಿ ಅತ್ತೆಯಾಗಲಿ ಸಹಿ ಹಾಕದಂತೆ ಹೇಳಿ. ಅವನ ಸಂಬಳದ ಖಾತೆ ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್‌ನಲ್ಲಿದ್ದರೆ ಅದರ ಜೊತೆಗೆ ಅಪಘಾತ ವಿಮೆ ಇರುತ್ತದೆ, ಅವಧಿಯೊಳಗೆ ಕೇಳಬೇಕು. ಬ್ಯಾಂಕಿನವರು ಮನೆ ಹುಡುಕಿಕೊಂಡು ಬಂದು ಹೇಳಲಾರರು.

ನಾವು ಕೇಳುವುದು ಹೆಚ್ಚೇನಿಲ್ಲ. ಪಂಚಾಯಿತಿಯಲ್ಲಿ ನೂರು ಹಾಳೆಯ ಒಂದು ರಿಜಿಸ್ಟರ್ ತೆರೆಯಿರಿ, ಸೇವೆಯಲ್ಲಿರುವ ಪ್ರತಿ ಸೈನಿಕನಿಗೆ ಎರಡು ಪುಟ. ಸೈನ್ಯದ ನಂಬರ್, ರೆಕಾರ್ಡ್ ಆಫೀಸ್, ಮದುವೆ ನೋಂದಣಿ ಸಂಖ್ಯೆ, ಮಕ್ಕಳ ಜನನ ನೋಂದಣಿ ಸಂಖ್ಯೆ, ಹೆಂಡತಿಯ ಹೆಸರು ನಾಲ್ಕು ದಾಖಲೆಯಲ್ಲಿ ಹೇಗಿದೆ, ನಾಮನಿರ್ದೇಶನ ಕೊನೆಯ ಬಾರಿ ತಿದ್ದಿದ ವರ್ಷ. ಯಾರಿಗೆ ಎಷ್ಟು ಬರೆದಿದ್ದಾನೆ ಎಂಬುದು ಬೇಡ, ಅದು ಅವನ ಗುಟ್ಟು. ಯಾವ ತುಕಡಿ, ಯಾವ ಠಾಣೆ ಎಂಬುದನ್ನಂತೂ ಬರೆಯಲೇಬೇಡಿ. ಪುಸ್ತಕ ಕಬ್ಬಿಣದ ಬೀರುವಿನಲ್ಲಿ ಇರಲಿ, ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹೋಗದಿರಲಿ. ಅವನು ರಜೆಗೆ ಬಂದಾಗ ಒಂದು ಗಂಟೆ ಕರೆಸಿ ಕೂರಿಸಿ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಎಲ್ಲ ಜಿಲ್ಲೆಗಳಲ್ಲೂ ಇಲ್ಲ; ಇರುವಲ್ಲಿಂದ ಒಬ್ಬರನ್ನು ಕರೆಸುವುದಾದರೆ ಡಿಸೆಂಬರ್ 7 ಒಳ್ಳೆಯ ದಿನ. ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ಹೇಗೂ ನೀವು ಸ್ಟಿಕ್ಕರ್ ಹಚ್ಚಿ ಡಬ್ಬಿ ತಿರುಗಿಸುತ್ತೀರಿ. ಅದೇ ದಿನ ಪಂಚಾಯಿತಿ ಪಡಸಾಲೆಯಲ್ಲಿ ಒಂದು ಮೇಜು ಹಾಕಿ. ಆಧಾರ್ ತಿದ್ದುವ ಯಂತ್ರದವರು, ಒಬ್ಬ ನೋಟರಿ, ನಾಡಕಚೇರಿಯ ಒಬ್ಬರು, ಒಂದು ಝೆರಾಕ್ಸ್ ಯಂತ್ರ, ಕರೆಂಟ್ ಹೋದರೆ ಇರಲಿ ಎಂದು ಒಂದು ಯುಪಿಎಸ್. ಸೊಸೆಯನ್ನೂ ಅತ್ತೆಯನ್ನೂ ಒಟ್ಟಿಗೆ ಕರೆಸಿ, ನಿಯಮವನ್ನು ಇಬ್ಬರಿಗೂ ಒಂದೇ ಸಲ ಓದಿ ಹೇಳಿ.

ಇತಿ,
ಸೈನಿಕ ಕುಟುಂಬಗಳ ಕಾಗದಪತ್ರ ನೋಡುವವರು